ಪಟ್ಟದ ಶಾಲಿನ ಒಂದು ಗೀರು

ಅಜ್ಜನ ಕಾಲದಲ್ಲಿ ಇಟ್ಟುಕೊಂಡರೆ ಹನ್ನೆರಡು ಛಡಿ ಏಟು. ಅಪ್ಪನ ಕಾಲದಲ್ಲಿ ಇಟ್ಟುಕೊಂಡರೂ ಸರಿ, ಬಿಟ್ಟರೂ ಸರಿ. ಮೊಮ್ಮಗನ ಕಾಲದಲ್ಲಿ ಇಟ್ಟುಕೊಳ್ಳದಿದ್ದರೆ ಹನ್ನೆರಡು ಛಡಿ ಏಟು. ಏನದು?

ಹೇಳಿ ನೋಡೋಣ. ತಲೆ ಕೆರೆದುಕೊಳ್ಳಿ, ಬೇಕಾದರೆ ಪಕ್ಕದವರ ತಲೆಯನ್ನೂ ಕೆರೆಯಿರಿ. ನಿಮಗೆ ಗೊತ್ತಾಗೋದಿಲ್ಲ, ಯಾಕೆಂದರೆ ನೀವು ನೆಗ್ಗಿಲಪುರದವರಲ್ಲ. ಆ ಊರಿನಲ್ಲಿ ಒಂದು ಬೆಳಿಗ್ಗೆ ಡಂಗುರದವನು ಬೀದಿ ಬೀದಿ ತಿರುಗಿದ.

"ಕೇಳ್ರಪ್ಪೋ ಕೇಳ್ರಿ! ರಾಜಕುಮಾರಿ ಚಾಗಲೆಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ದೊರೆ ಮಲ್ಲರಸರು ಕೇಳಿದ್ದು ಕೊಡುತ್ತಾರೆ. ಒಂದು ತಪ್ಪಿದರೂ ತಲೆ ಹೋಗುತ್ತದೆ!"

ಈ ಚಾಗಲೆಗೆ ಚಿಕ್ಕಂದಿನಿಂದ ಒಂದೇ ಕಾಯಿಲೆ. ಏನು ಕಂಡರೂ 'ಯಾಕೆ?' ಅನ್ನುವುದು. ಅರಮನೆಯಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಅದಕ್ಕೇ ಅವಳು ತನ್ನ ಪ್ರಶ್ನೆಗಳನ್ನು ಒಗಟು ಮಾಡಿ ಊರ ಮುಂದಿಟ್ಟಳು.

ಮೊದಲು ಬಂದವನು ಪಕ್ಕದ ರಾಜ್ಯದ ಯುವರಾಜ. ರಾಜಕುಮಾರಿ ನಾನು ಮೇಲೆ ಹೇಳಿದ ಒಗಟನ್ನೇ ಕೇಳಿದಳು. "ಕತ್ತಿ!" ಅಂದ. ಭಟರು ಅವನ ಕತ್ತಿಯನ್ನೇ ಕಿತ್ತುಕೊಂಡು ಸೆರೆಮನೆಗೆ ತಳ್ಳಿದರು. ಆಮೇಲೆ ಹೆಗಲ ಮೇಲೆ ಎಂಟು ಕಟ್ಟು ತಾಳೆಗರಿ ಹೊತ್ತು ಒಬ್ಬ ಶಾಸ್ತ್ರಿ ಬಂದರು. ಮಧ್ಯಾಹ್ನದವರೆಗೂ ಹುಡುಕಿ "ಜುಟ್ಟು" ಅಂದರು.

"ಹತ್ತಿರ ಬಂದಿರಿ," ಅಂದಳು ಚಾಗಲೆ.

"ಹಾಗಾದರೆ ಅರ್ಧ ತಲೆ ತೆಗೆಯುತ್ತೀರೇನಮ್ಮಾ?" ಅಂತ ಶಾಸ್ತ್ರಿಗಳು ಕೇಳಿದರು. ಪಾಪ, ಅವರೂ ಒಳಗೆ ಹೋದರು. ಸಂಜೆಯ ಹೊತ್ತಿಗೆ ಸೆರೆಮನೆಯಲ್ಲಿ ಹನ್ನೊಂದು ಜನ. ಎಲ್ಲರ ತಲೆಗೂ ಶುಕ್ರವಾರದ ಮುಹೂರ್ತ.

ಮಾರನೆಯ ದಿನ ಬಂದವನು ನೇಕಾರರ ಹೊನ್ನೂರ. ಅವನಿಗೆ ರಾಜಕುಮಾರಿಯೂ ಬೇಡ, ರಾಜ್ಯವೂ ಬೇಡ. ಅವನ ಅವ್ವ ಗುಳ್ಳವ್ವ ಗಂಡ ಸತ್ತ ಮೇಲೆ ಮಗ್ಗ ಮುಟ್ಟಿ ಸಿಕ್ಕಿಬಿದ್ದಿದ್ದಳು. ಗಂಡ ಸತ್ತವಳು ಮಗ್ಗ ಮುಟ್ಟಬಾರದು, ಮುಟ್ಟಿದರೆ ಗಡಿಪಾರು. ಅನಾದಿ ಕಾಲದ ಕಟ್ಟಳೆ ಅಂತ ಊರ ಹಿರಿಯರು ಹೇಳಿದ್ದರು. ನಾಳೆ ಬೆಳಗಾದರೆ ಅವಳನ್ನು ಗಡಿಯಾಚೆ ಬಿಟ್ಟು ಬರುತ್ತಾರೆ.

"ಬ್ಯಾಡ ಮಗಾ, ನನ್ನ ಗಡಿ ದಾಟಿಸ್ತಾರೆ ಅಷ್ಟೇ. ನಿನ್ನ ತಲೇನೇ ಹಾರಿಸ್ತಾರೆ," ಅಂತ ಗುಳ್ಳವ್ವ ಅತ್ತಿದ್ದಳು.

"ನೀನಿಲ್ಲದ ಮನೇಲಿ ನನಗೆ ತಲೆ ಯಾತಕ್ಕವ್ವಾ?" ಅಂದು ಬಂದಿದ್ದ.

ಚಾಗಲೆ ಮೊದಲ ಒಗಟು ಕೇಳಿದಳು. ಹೊನ್ನೂರ ದೊರೆಯ ಬೆನ್ನ ಹಿಂದಿನ ಗೋಡೆಯನ್ನೇ ದಿಟ್ಟಿಸಿದ. ಅಲ್ಲಿ ಮೂರು ತಲೆಮಾರಿನ ಆಸ್ಥಾನದ ಚಿತ್ರಗಳಿದ್ದವು. ನೋಡಿ ನೋಡಿ ಕಿಸಕ್ಕನೆ ನಕ್ಕ. ಆಮೇಲೆ ತನ್ನ ಮೂಗಿನ ಕೆಳಗೆ ಕೈ ಹಾಕಿ ಚರ್ ಅಂತ ಕಿತ್ತ.

"ಮೀಸೆ, ಬುದ್ಧೀ! ಇದು ಆಡಿನ ಕೂದಲು, ಅಂಟಿಸಿಕೊಂಡಿದ್ದೆ. ನಿಮ್ಮ ಅಜ್ಜನ ಚಿತ್ರ ನೋಡಿ, ಅವರಿಗೆ ಮೀಸೆ ಬರಲಿಲ್ಲ, ಸುತ್ತ ಇರುವವರಿಗೂ ಇಲ್ಲ. ನಿಮ್ಮ ತಂದೆಯ ಆಸ್ಥಾನದಲ್ಲಿ ಅರ್ಧ ಜನಕ್ಕೆ ಉಂಟು. ನಿಮ್ಮದು ಕಿವಿ ಮುಟ್ಟುತ್ತದೆ, ಅದಕ್ಕೇ ಈಗ ಎಲ್ಲರಿಗೂ ಕಡ್ಡಾಯ."

ಇಬ್ಬರು ಮಂತ್ರಿಗಳು ಮೆಲ್ಲಗೆ ತಮ್ಮ ಮೀಸೆ ಒತ್ತಿಕೊಂಡರು.

"ಸರಿ," ಅಂದಳು ಚಾಗಲೆ. ಅವಳ ಕಣ್ಣು ಹೊಳೆಯಿತು. "ಎರಡನೆಯದು. ಈ ಸಭೆಗೆ ಬರುವವರೆಲ್ಲ ಹೆಬ್ಬಾಗಿಲಲ್ಲಿ ನಡು ಬಗ್ಗಿಸಿ ಒಳಗೆ ಬರುತ್ತಾರೆ. ದೇವರಿಗಲ್ಲ, ಅಪ್ಪಾಜಿಗಲ್ಲ. ಯಾರಿಗೆ ಬಗ್ಗುತ್ತಾರೋ ಅವನು ಅಲ್ಲಿಲ್ಲ. ಯಾರವನು?"

"ಹಳೇ ಬಾಗಿಲು, ತಾಯಿ. ಅದರ ಕಲ್ಲಿನ ಚೌಕಟ್ಟು ಈಗ ಕೆರೆಯ ಮೆಟ್ಟಿಲಲ್ಲಿದೆ. ನಾವು ನೂಲು ತೊಳೆಯುವುದು ಅದರ ಮೇಲೇ. ನಿಲ್ಲಿಸಿದರೆ ನನ್ನ ಎದೆ ಮಟ್ಟಕ್ಕೆ ಬರುತ್ತದೆ. ಆಗ ಬಗ್ಗದಿದ್ದರೆ ಹಣೆ ಒಡೆಯುತ್ತಿತ್ತು. ಈಗಿನ ಬಾಗಿಲಲ್ಲಿ ಆನೆ ಹೋಗುತ್ತದೆ, ಆದರೂ ನಾವು ಬಗ್ಗುತ್ತೇವೆ."

ದೊರೆಯೂ ದಿನಾ ಬಗ್ಗುತ್ತಿದ್ದ. ಅವನು ಸೊಂಟ ನೀವಿಕೊಂಡ.

"ಮೂರನೆಯದು. ಎಲ್ಲರೂ ಅದನ್ನು ತುಂಬ ಹಳೆಯದು ಅನ್ನುತ್ತಾರೆ. ಆದರೆ ಅದು ಹುಟ್ಟಿದ ದಿನ ಊರಿನಲ್ಲಿ ಅದಕ್ಕಿಂತ ಹೊಸದು ಬೇರೆ ಇರಲಿಲ್ಲ. ಏನದು?"

ಹೊನ್ನೂರ ತಲೆ ಕೆರೆದುಕೊಂಡ. ಸೆರೆಮನೆಗೆ ತಳ್ಳುವ ಭಟರು ಒಂದು ಹೆಜ್ಜೆ ಮುಂದೆ ಬಂದರು. ಹೊನ್ನೂರನ ಕಣ್ಣು ದೊರೆಯ ಹೆಗಲ ಮೇಲಿನ ಶಾಲಿನ ಮೂಲೆಗೆ ಬಿತ್ತು. ಅದು ಪಟ್ಟದ ಶಾಲು, ಏಳು ತಲೆಮಾರಿನದು, ಪೂಜೆ ಮಾಡಿ ಹೊದೆಯುವಂಥದ್ದು.

"ಕಟ್ಟಳೆ, ಬುದ್ಧೀ. ನಮ್ಮವ್ವನ ತಲೆ ಮೇಲೆ ಬಿದ್ದಿದೆಯಲ್ಲ, ಆ ಕಟ್ಟಳೆಯೂ ಒಂದು ದಿನ ಹೊಚ್ಚ ಹೊಸದು. ಸಾಕ್ಷಿ ನಿಮ್ಮ ಹೆಗಲ ಮೇಲೇ ಇದೆ."

"ಏನೋ ಅದು?"

"ನಮ್ಮ ನೇಕಾರರಲ್ಲಿ ನೇಯ್ದವಳು ಅಂಚಿನ ಮೂಲೆಯಲ್ಲಿ ಗುರುತು ಹಾಕುತ್ತಾಳೆ. ಗಂಡ ಇದ್ದವಳು ಎರಡು ಗೀರು, ಗಂಡ ಸತ್ತವಳು ಒಂದು ಗೀರು. ನಿಮ್ಮ ಶಾಲಿನ ಮೂಲೆ ನೋಡಿ."

ಚಾಗಲೆಯೇ ಓಡಿಹೋಗಿ ಅಪ್ಪನ ಶಾಲಿನ ಮೂಲೆ ತಿರುಗಿಸಿದಳು. ಕೆಂಪು ನೂಲಿನಲ್ಲಿ ಒಂದು ಗೀರು. ಒಂದೇ.

ದೊರೆ ಬಹಳ ಹೊತ್ತು ಆ ಗೀರನ್ನು ಬೆರಳಿಂದ ಸವರಿದ. ಏಳು ಜನ ರಾಜರು ಒಬ್ಬ ವಿಧವೆ ನೇಯ್ದದ್ದನ್ನು ಹೊದ್ದು ಪಟ್ಟಕ್ಕೆ ಬಂದಿದ್ದರು, ಅವರಲ್ಲೇ ಯಾರೋ ಒಬ್ಬ ಈ ಕಟ್ಟಳೆಯನ್ನು ಕಲ್ಲಿನಲ್ಲಿ ಬರೆಸಿದ್ದ.

"ಏನು ಬೇಕೋ ಕೇಳು," ಅಂದ.

"ನಮ್ಮವ್ವ ಮಗ್ಗದ ಮುಂದೆ ಕೂರಬೇಕು. ಅಷ್ಟೇ."

ದೊರೆ ಆ ಕಟ್ಟಳೆಯ ಕಲ್ಲನ್ನು ಒಡೆಸಿದ. ಸೆರೆಯಲ್ಲಿದ್ದ ಹನ್ನೊಂದು ತಲೆಗಳೂ ಹೆಗಲ ಮೇಲೆಯೇ ಮನೆಗೆ ಹೋದವು. ಗುಳ್ಳವ್ವ ಒಂದು ಹೊಸ ಶಾಲು ನೇಯ್ದು, ಮೂಲೆಯಲ್ಲಿ ಒಂದು ಗೀರು ಹಾಕಿ, ಅರಮನೆಗೆ ಕಳಿಸಿದಳು. ಅದನ್ನು ಚಾಗಲೆ ಹೊದ್ದುಕೊಂಡಳು.

ಈಗ ನಿಜ ಹೇಳಿಬಿಡುತ್ತೇನೆ, ಬೈಯಬೇಡಿ. ನಮ್ಮಜ್ಜಿ ಹೇಳಿದ ಕತೆಯಲ್ಲಿ ದೊರೆ ಹೊನ್ನೂರನಿಗೆ ಚಿನ್ನದ ಕಡಗ ತೊಡಿಸಿ, "ಉತ್ತರ ಸರಿ, ಆದರೆ ಕಟ್ಟಳೆ ಕಟ್ಟಳೆಯೇ" ಅಂದು ಗುಳ್ಳವ್ವನನ್ನು ಗಡಿ ದಾಟಿಸಿದ. ಅಜ್ಜಿಗೂ ಅವಳ ಅಜ್ಜಿ ಹಾಗೇ ಹೇಳಿದ್ದಳಂತೆ. ನನಗೆ ಹಿಡಿಸಲಿಲ್ಲ. ಕಲ್ಲು ಒಡೆಸಿದವನು ನಾನು. ಅಜ್ಜಿಗೆ ಹೇಳಿದರೆ, "ಹಳೇ ಕತೆ ಕಣೋ, ಹಾಳು ಮಾಡಬ್ಯಾಡ" ಅಂತ ಕಿವಿ ಹಿಂಡಿದಳು.

ನೀವು ನಿಮ್ಮ ಮಕ್ಕಳಿಗೆ ನಾನು ಹೇಳಿದ ಹಾಗೇ ಹೇಳಿ. ಅವರು ಅವರ ಮಕ್ಕಳಿಗೆ ಹೇಳಲಿ. ಅಷ್ಟು ಹೊತ್ತಿಗೆ ಇದೂ ಹಳೇ ಕತೆಯಾಗಿರುತ್ತದೆ.