ಕಾಣಿಕೆ ಬಿಟ್ಟು ಹೋದ ಮದಲೇನಮ್ಮ

ಈಗ ಬಸ್ಸು ಓಡಾಡುವ ದಾರಿ ಇನ್ನೂ ಗಾಡಿಜಾಡಾಗಿದ್ದ ಕಾಲ. ಆಗ ಒಂದು ಊರಿತ್ತಂತೆ, ಸುಣ್ಣದಕೊಪ್ಪಲು ಅಂತ. ಆ ಊರಿನ ಮಣ್ಣು ಬಿಳಿ, ಗೋಡೆ ಬಿಳಿ, ಕೆಲಸ ಮುಗಿಸಿ ಬಂದವರ ರೆಪ್ಪೆಗೂದಲೂ ಬಿಳಿ. ಊರಿಗೆ ಊರೇ ಸುಣ್ಣ ಸುಡುತ್ತಿತ್ತು. ಊರಿಗೆ ಊರೇ ಯೇಸುಸ್ವಾಮಿಯನ್ನು ನಂಬಿತ್ತು. ಅಲ್ಲಿ ಮದಲೇನಮ್ಮ ಅಂತ ಒಬ್ಬಳಿದ್ದಳು. ಅವಳು ಮಾಡಿದ್ದನ್ನು ಕಣ್ಣಾರೆ ಕಂಡವರು ಬೆಚ್ಚಿಬಿದ್ದಿದ್ದರಂತೆ. ಎಲ್ಲರಿಗಿಂತ ಹೆಚ್ಚು ಬೆಚ್ಚಿದವನು ಉಪದೇಶಿ ಚೌರಪ್ಪ.

ಉಪದೇಶಿ ಅಂದರೆ ಪಾದ್ರಿ ಸ್ವಾಮಿಗಳು ಇಲ್ಲದಾಗ ಊರಿಗೆ ಜಪ ಹೇಳಿಸುವವನು. ಸ್ವಾಮಿಗಳು ದೂರದಿಂದ ಎತ್ತಿನ ಗಾಡಿಯಲ್ಲಿ ಬರಬೇಕಿತ್ತು, ಮಳೆ ಹಿಡಿದರೆ ಅದೂ ಇಲ್ಲ. ಬಂದಾಗ ಅವರು ಲ್ಯಾಟಿನ್ ಭಾಷೆಯಲ್ಲಿ ಪೂಜೆ ಮಾಡುವರು, ಚೌರಪ್ಪ ಬೈಬಲಿನ ಶುಭಸಂದೇಶವನ್ನು ಕನ್ನಡದಲ್ಲಿ ಓದುವನು. ಅವನದು ಕಂಚಿನಂಥ ದನಿ ಅಂತಾರೆ. ಓದಿ ಪುಸ್ತಕ ಮುಚ್ಚುವಾಗ ಯಾರ ಕಣ್ಣು ಒದ್ದೆಯಾಗಿದೆ ಅಂತ ಒಮ್ಮೆ ಸುತ್ತ ನೋಡುವನು. ನಾಲ್ಕು ಜನ ಕಣ್ಣೊರೆಸಿಕೊಂಡರೆ ಅವನಿಗೆ ಸಮಾಧಾನ. ಆದರೆ ತಾನು ಓದಿದ್ದನ್ನು ಯಾರಾದರೂ ಎದ್ದು ಹೋಗಿ ಮಾಡಿಬಿಡುತ್ತಾರೆ ಅಂತ ಅವನು ಕನಸಲ್ಲೂ ಎಣಿಸಿರಲಿಲ್ಲವಂತೆ.

ಮದಲೇನಮ್ಮನ ವಿಷಯ ಊರಿಗೆಲ್ಲ ಗೊತ್ತಿತ್ತು. ಅವಳಿಗೆ ಇನ್ನಾಸಿ ಅಂತ ಒಬ್ಬ ತಮ್ಮ. ತಾಯಿ ಇಲ್ಲದ ಮಗುವನ್ನು ಅವಳೇ ಸೊಂಟದ ಮೇಲೆ ಹೊತ್ತು ಸಾಕಿದ್ದಳು. ದೊಡ್ಡವನಾದ ಮೇಲೆ ಅವನು ಭಾವನ ಜೊತೆ ಸುಣ್ಣ ಸುಡುವ ಗೂಡಿನ ಕೆಲಸಕ್ಕೆ ನಿಂತ. ಒಂದು ದಿನ ಸುಣ್ಣದ ಗೂಡು ಆರಿದೆ ಅಂತ ಇನ್ನಾಸಿ ಹೇಳಿದ. ಅವನು ಮುಟ್ಟಿ ನೋಡಿರಲಿಲ್ಲ, ಅಂದಾಜಿಗೆ ಹೇಳಿದ್ದ. ಮದಲೇನಮ್ಮನ ಗಂಡ ಸಂತಿಯಾಗಪ್ಪ ಆ ಮಾತು ನಂಬಿ ಒಳಗಿಳಿದ. ಮೇಲಿನ ಪದರ ಕುಸಿಯಿತು, ಕೆಳಗೆ ಇನ್ನೂ ಕೆಂಡವಿತ್ತು. ಅವನನ್ನು ಮೇಲೆತ್ತಿದಾಗ ಹೆಂಡತಿಗೆ ಮುಖ ತೋರಿಸಬಾರದು ಅಂತ ಕಂಬಳಿ ಮುಚ್ಚಿದರಂತೆ. ಅವಳು ಕಂಬಳಿ ತೆಗೆದು ನೋಡಿದಳಂತೆ.

ಮಣ್ಣು ಮಾಡಿದ ದಿನವೇ ಅವಳು ಗೋರಿಯ ಮಣ್ಣನ್ನು ಹಿಡಿಯಲ್ಲಿ ತಂದು ತಮ್ಮನ ಹೊಸ್ತಿಲ ಮೇಲೆ ಎರಚಿದಳು. ಈ ಮನೆಯಲ್ಲಿ ತೊಟ್ಟಿಲು ತೂಗದೆ ಹೋಗಲಿ ಅಂದಳು. ಆಮೇಲೆ ಇನ್ನಾಸಿಗೆ ಹುಟ್ಟಿದ ಕೂಸುಗಳು ಒಂದೂ ನಿಲ್ಲಲಿಲ್ಲ. ಕೊನೆಗೆ ಅವನು ಹೆಂಡತಿಯನ್ನು ಕರೆದುಕೊಂಡು ಹಳ್ಳದಾಚೆಯ ತೊರೆಪಾಳ್ಯಕ್ಕೆ ಹೋಗಿಬಿಟ್ಟ. ಹೋಗುವಾಗ, ಅಕ್ಕ ನನ್ನ ಮಕ್ಕಳನ್ನು ತಿಂದಳು ಅಂತ ಕಂಡವರ ಹತ್ತಿರವೆಲ್ಲ ಹೇಳಿ ಹೋದ. ಅವಳ ಕಿವಿಗೆ ಅದು ಬಿತ್ತು.  ಗಂಡನ ಗೂಡಿಗೆ ತಾನೇ ಬೆಂಕಿಯಿಟ್ಟು, ತಾನೇ ಸುಣ್ಣ ತೆಗೆದು ಬದುಕಿದಳು. ಆ ಸುಣ್ಣದಲ್ಲಿ ಮೊದಲ ಪಾಲು ಚರ್ಚಿನ ಗೋಡೆಗೆ ಹೋಗುತ್ತಿತ್ತು. ಅವಳಷ್ಟು ಭಕ್ತಿವಂತೆ ಊರಲ್ಲಿ ಇನ್ನೊಬ್ಬಳಿಲ್ಲ ಅಂತ ಜನ ಹೇಳುತ್ತಿದ್ದರು. ಅಕ್ಕ ತಮ್ಮ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ತಲೆ ನರೆಯುವಷ್ಟು ಕಾಲ ಹೋಯಿತು.

ಆ ವರ್ಷ ಊರ ಹಬ್ಬ ಬಂತು. ಹಬ್ಬಕ್ಕೆ ಮುಂಚೆಯೇ ತೊರೆಪಾಳ್ಯದಲ್ಲಿ ಇಲಿ ಬಿದ್ದಿತ್ತು. ಇಲಿ ಬಿತ್ತು ಅಂದರೆ ಗೆಡ್ಡೆ ಜ್ವರ ಬಂತು ಅಂತ ಅರ್ಥ. ಕಂಕುಳಲ್ಲಿ ಗೆಡ್ಡೆ ಎದ್ದವನು ಎದ್ದು ಕೂರುವುದಿಲ್ಲ. ಅಲ್ಲಿಯವರು ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಇಲ್ಲಿಯವರು ಹಳ್ಳದ ದಾರಿಗೆ ಜಾಲಿಮುಳ್ಳು ಎಳೆದು ಕಾವಲು ನಿಂತಿದ್ದರು. ಆಚೆಯಿಂದ ಬಂದವರಿಗೆ ಕಲ್ಲು ಬೀಳುತ್ತಿತ್ತು.

ಹಬ್ಬದ ಪೂಜೆಯಲ್ಲಿ ಕಾಣಿಕೆ ಕೊಡುವ ಹೊತ್ತು. ಮೊದಲ ಕಾಣಿಕೆ ಯಾವತ್ತೂ ಮದಲೇನಮ್ಮನದೇ. ಒಂದು ಮೊರದಲ್ಲಿ ಅಕ್ಕಿ, ಅದರ ಮೇಲೆ ಬೆಲ್ಲ, ಕಾಲು ಕಟ್ಟಿದ ಒಂದು ಹೇಟೆ ಕೋಳಿ. ಚೌರಪ್ಪ ಅಂದಿನ ಪಾಠವನ್ನು ಎಂದಿನ ಹಾಗೆ ಎಳೆದೆಳೆದು ಓದಿದ್ದ. ನೀನು ಕಾಣಿಕೆ ತಂದು ಪೀಠದ ಮುಂದೆ ನಿಂತಾಗ, ನಿನ್ನ ಒಡಹುಟ್ಟಿದವನ ಮನಸ್ಸಲ್ಲಿ ನಿನ್ನ ಮೇಲೆ ನೋವಿದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಡು, ಮೊದಲು ಹೋಗಿ ಅವನ ಜೊತೆ ಒಂದಾಗು, ಆಮೇಲೆ ಬಂದು ಅರ್ಪಿಸು ಅನ್ನುವ ಯೇಸುವಿನ ಮಾತು ಅದು. ಪ್ರತಿ ವರ್ಷ ಓದುತ್ತಿದ್ದ ಮಾತು.

ಮದಲೇನಮ್ಮ ಮೊರ ಹಿಡಿದು ಮುಂದೆ ಬಂದಳು. ಸ್ವಾಮಿಗಳು ಕೈ ಚಾಚಿದರು. ಅವಳು ಕೊಡಲಿಲ್ಲ. ಮೊರವನ್ನು ಮೆಟ್ಟಿಲ ಮೇಲೆ ಇಟ್ಟಳು. ಸೆರಗು ತಲೆ ಮೇಲೆ ಎಳೆದುಕೊಂಡಳು. ತಿರುಗಿದಳು. ತುಂಬಿದ ಚರ್ಚಿನ ನಡುವೆ ನಡೆದುಕೊಂಡು ಬಾಗಿಲ ಕಡೆ ಹೊರಟೇಬಿಟ್ಟಳು.

 ಪೂಜೆಯ ನಡುವೆ ಎದ್ದು ಹೋಗುವುದೆಂದರೆ ಆ ಕಾಲಕ್ಕೆ ದೊಡ್ಡ ಅಪರಾಧ. ಸ್ವಾಮಿಗಳು ಚಾಚಿದ ಕೈಯನ್ನು ಹಾಗೇ ಹಿಡಿದು ನಿಂತಿದ್ದರು. ಚೌರಪ್ಪನಿಗೆ ಮೊದಲು ಏನೂ ಹೊಳೆಯಲಿಲ್ಲ. ಮೈಗೆ ಹುಷಾರಿಲ್ಲವೇನೋ ಅಂದುಕೊಂಡ. ಮರುಗಳಿಗೆಯಲ್ಲಿ ಅವನಿಗೆ ಅವಳು ಎಲ್ಲಿಗೆ ಹೊರಟಳು ಅಂತ ಗೊತ್ತಾಯಿತು.  ಪುಸ್ತಕ ಕೆಳಗಿಟ್ಟು ಅವನೂ ಓಡಿದ.

ಹಳ್ಳದ ಹತ್ತಿರ ಅವಳನ್ನು ಹಿಡಿದ. ಕಾವಲಿನವರು ಹಬ್ಬಕ್ಕೆ ಅಂತ ಚರ್ಚಿಗೆ ಹೋಗಿದ್ದರು, ದಾರಿಯಲ್ಲಿ ಯಾರೂ ಇರಲಿಲ್ಲ. ಅವಳು ಬರಿಗೈಯಲ್ಲಿ ಜಾಲಿಮುಳ್ಳು ಸರಿಸುತ್ತಿದ್ದಳು. ಬೆರಳಲ್ಲಿ ರಕ್ತ ಜಿನುಗುತ್ತಿತ್ತು. ಆಚೆ ಹೋದವರು ತಿರುಗಿ ಬರುವುದಿಲ್ಲ, ಜ್ವರ ಬಿಟ್ಟರೂ ಊರಿನವರು ಬಿಡುವುದಿಲ್ಲ ಅಂತ ಚೌರಪ್ಪ ಹೇಳಿದ. ಕಾಣಿಕೆ ಕೊಟ್ಟು, ಪೂಜೆ ಮುಗಿಸಿ, ಊಟ ಮಾಡಿ, ಜ್ವರ ಇಳಿದ ಮೇಲೆ ಹೋದರಾಯಿತು ಅಂತ ಹೇಳಿದ. ದೇವರ ವಾಕ್ಯವನ್ನು ಹಾಗೆಲ್ಲ ಅಕ್ಷರಕ್ಕೆ ಅಕ್ಷರ ಹಿಡಿಯಬಾರದು ಅಂತಲೂ ಹೇಳಿದ.

ಅವಳು ಮುಳ್ಳು ಬಿಟ್ಟು ಅವನನ್ನು ನೋಡಿದಳು. ಕೋಪವಿರಲಿಲ್ಲವಂತೆ ಆ ಮುಖದಲ್ಲಿ. ಏನೋ ಗೊತ್ತಿಲ್ಲದ್ದನ್ನು ಗೊತ್ತಿದ್ದವನ ಹತ್ತಿರ ಕೇಳುವ ಹಾಗೆ ಕೇಳಿದಳಂತೆ.

"ಹಂಗಾದ್ರೆ ನೀವು ಓದಿದ್ದು ಸುಳ್ಳಾ, ಉಪದೇಶಿಯೋರೆ?"

ಚೌರಪ್ಪ ಹೌದು ಅನ್ನುವ ಹಾಗಿಲ್ಲ. ಇಲ್ಲ ಅಂದರೆ ಅವಳನ್ನು ತಡೆಯುವ ಹಾಗಿಲ್ಲ. ಅವನು ನೋಡುತ್ತಿರುವಂತೆಯೇ ಅವಳು ಹಳ್ಳ ಇಳಿದು, ಆಚೆ ದಡ ಹತ್ತಿ, ಜೋಳದ ಹೊಲದಲ್ಲಿ ಮರೆಯಾದಳು.

ಅವನು ತಿರುಗಿ ಬಂದಾಗ ಜನ ಚರ್ಚಿನ ಹೊರಗೆ ಗುಂಪುಗಟ್ಟಿದ್ದರು. ನೀನೇ ಓದಿ ಕಳಿಸಿದೆ ಅಂತ ಕೆಲವರು ಅವನ ಮೇಲೇ ಬಿದ್ದರು. ಅವಳಿಗೆ ಬುದ್ಧಿ ಕೆಟ್ಟಿದೆ ಅಂದರು ಇನ್ನು ಕೆಲವರು. ಇನ್ನು ಅವಳು ಈಚೆ ಬಂದರೆ ಗೂಡಿನೊಳಗೇ ಹಾಕಿ ಸುಡಬೇಕು ಅಂದವರೂ ಇದ್ದರಂತೆ. ಹೋದದ್ದು ಹೋಯಿತು, ಪೂಜೆ ಮುಂದುವರಿಸಿ ಅಂತ ಹಿರಿಯರು ಒಳಗೆ ಹೋಗಿ ಸ್ವಾಮಿಗಳಿಗೆ ಹೇಳಿದರು. ಒಬ್ಬರು ಮೊರವನ್ನು ಎತ್ತಲು ಬಗ್ಗಿದರು.

ಸ್ವಾಮಿಗಳು ಕೈ ಅಡ್ಡ ಹಿಡಿದರಂತೆ. ಅವರು ಮುದುಕರು, ಪರದೇಶದವರು, ಕನ್ನಡ ಅವರಿಗೆ ತಡವರಿಸುತ್ತಿತ್ತು. ಬಿಟ್ಟು ಹೋಗು ಅಂದ ಯೇಸುವೇ ಆಮೇಲೆ ಬಾ ಅಂತಲೂ ಹೇಳಿದ್ದಾನೆ, ಅವಳು ಬರಲಿ, ಅಲ್ಲಿಯವರೆಗೆ ಪೂಜೆ ಇಲ್ಲಿಗೇ ನಿಲ್ಲಲಿ ಅಂದರು. ಅಂದವರು ಪೀಠದ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟರು.  ಸುಣ್ಣದ ಮದಲೇನಮ್ಮನಿಗಾಗಿ ದೇವರ ಪೂಜೆ ನಿಂತಿತ್ತು.

ಚೌರಪ್ಪ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತಿದ್ದ. ಅವನ ಹೆಂಡತಿ ಅರುಳಮ್ಮ, ಅನ್ನ ಆರುತ್ತಿದೆ ಬನ್ನಿ ಅಂತ ಕರೆದಳು. ಅವನು ಮನೆಗೆ ಹೋದ. ತಟ್ಟೆಯ ಮುಂದೆ ಕೂತ. ತುತ್ತು ಕಲಸಿದ, ಬಾಯಿಗಿಡಲಾಗಲಿಲ್ಲ. ಇಷ್ಟು ವರ್ಷ ತಾನು ಓದಿದ ಒಂದೊಂದು ಮಾತೂ ಸಾಲು ಹಿಡಿದು ಎದುರಿಗೆ ಬಂದು ನಿಂತ ಹಾಗಾಯಿತಂತೆ. ಹಸಿದವರಿಗೆ ಕೊಡು ಅಂತ ಓದಿದ್ದ, ಕಾಯಿಲೆಯವರನ್ನು ನೋಡು ಅಂತ ಓದಿದ್ದ. ಒಂದನ್ನೂ ತನಗೆ ಹೇಳಿದ್ದು ಅಂದುಕೊಂಡಿರಲಿಲ್ಲ. ಎದ್ದು ಕೈ ತೊಳೆದ. ಗಂಜಿಯ ಗಡಿಗೆ ತಗೊಂಡ. ಅರುಳಮ್ಮ ಅಡ್ಡ ನಿಂತಳು, ಅತ್ತಳು, ಅವನ ಅಂಗಿ ಹಿಡಿದು ಎಳೆದಳು. ಅವನ ಮುಖ ನೋಡಿ ಕೊನೆಗೆ ಕೈ ಬಿಟ್ಟಳಂತೆ.

ತೊರೆಪಾಳ್ಯದ ಗುಡಿಸಲುಗಳ ನಡುವೆ ಅವನು ಮದಲೇನಮ್ಮನ ಹೆಸರು ಕೂಗಿಕೊಂಡು ಹೋದ. ಕೆಲವು ಗುಡಿಸಲುಗಳಿಂದ ನೀರು, ನೀರು ಅನ್ನುವ ದನಿ ಬರುತ್ತಿತ್ತು. ಕೆಲವುಗಳಿಂದ ಏನೂ ಬರುತ್ತಿರಲಿಲ್ಲ. ಎಲ್ಲಕ್ಕಿಂತ ಆಚೆಗಿದ್ದ ಗುಡಿಸಲಿನ ಬಾಗಿಲಲ್ಲಿ ಅವನು ನಿಂತುಬಿಟ್ಟ.

ಒಳಗೆ ಇನ್ನಾಸಿ ಈಚಲು ಚಾಪೆಯ ಮೇಲೆ ಬಿದ್ದಿದ್ದ. ಮದಲೇನಮ್ಮ ತಮ್ಮನ ಕಾಲ ಮೇಲೆ ಹಣೆಯಿಟ್ಟು ಬೋರಲು ಮಲಗಿದ್ದಳು. ಅಕ್ಕ, ಅದೂ ಹೆತ್ತ ತಾಯಿಯ ಹಾಗೆ ಸಾಕಿದ ಅಕ್ಕ, ತಮ್ಮನ ಕಾಲು ಹಿಡಿದಿದ್ದನ್ನು ಚೌರಪ್ಪ ಎಲ್ಲೂ ಕಂಡಿರಲಿಲ್ಲ. ಗಂಡನನ್ನು ಕೊಂದವನ ಕಾಲು ಅದು. ಮುಟ್ಟಬೇಡ ಅಕ್ಕ, ನಿಂಗೂ ಅಂಟ್ಕೊಳ್ತದೆ ಅಂತ ಇನ್ನಾಸಿ ಕಾಲು ಎಳೆದುಕೊಳ್ಳಲು ನೋಡುತ್ತಿದ್ದ, ಅವನಿಗೆ ಶಕ್ತಿ ಇರಲಿಲ್ಲ. ಮಣ್ಣು ಎರಚಿದ ಕೈ ಇದು, ಕ್ಷಮಿಸು ಅಂತ ಅವಳು ಹೇಳುತ್ತಿದ್ದಳು. ನಾನು ಗೂಡು ಮುಟ್ಟಿ ನೋಡಲಿಲ್ಲ ಅಕ್ಕ ಅಂತ ಅವನು ಹೇಳುತ್ತಿದ್ದ. ಇಬ್ಬರೂ ಒಟ್ಟಿಗೇ ಹೇಳುತ್ತಿದ್ದರು. ಯಾರ ಮಾತು ಯಾರಿಗೆ ಕೇಳಿಸಿತೋ.

ಆಮೇಲೆ ಇನ್ನಾಸಿ ಮೂಲೆಯ ಕಡೆ ಕೈ ತೋರಿಸಿದನಂತೆ. ಅಲ್ಲಿ ಅವನ ಹೆಂಡತಿಯ ಹೆಣಕ್ಕೆ ಸೀರೆ ಮುಚ್ಚಿತ್ತು. ಅದರ ಪಕ್ಕದಲ್ಲಿ ಒಂದು ಹಳೇ ಗೋಣಿತಾಟಿನ ಸುರುಳಿ. ಸುರುಳಿ ಅಲುಗಿತು.

ಚೌರಪ್ಪನ ಕೈಯಿಂದ ಗಡಿಗೆ ಜಾರಿ ಒಡೆಯಿತು.

ಹೆಣ್ಣುಕೂಸು. ಹೊಕ್ಕುಳು ಇನ್ನೂ ಒಣಗಿರಲಿಲ್ಲ. ಅಳುವ ಶಕ್ತಿಯೂ ಇಲ್ಲದೆ ಬಾಯಿ ಮಾತ್ರ ತೆರೆದು ಮುಚ್ಚುತ್ತಿತ್ತು. ಇನ್ನಾಸಿಗೆ ಒಂದು ಕೂಸಿದೆ ಅಂತ ಹಳ್ಳದ ಈಚೆ ಒಬ್ಬರಿಗೂ ಗೊತ್ತಿರಲಿಲ್ಲ.

"ಬೆಳಿಗ್ಗೆ ನಮ್ಮೂರ ಗಂಟೆ ಕೇಳಿಸ್ತು ಅಕ್ಕ," ಅಂದನಂತೆ ಇನ್ನಾಸಿ. "ಯಾರನ್ನಾದ್ರೂ ಕಳಿಸಪ್ಪ, ಇದೊಂದನ್ನ ಎತ್ಕೊಳ್ಳೋಕೆ ಅಂತ ಬೇಡ್ಕೊಂಡೆ. ನಿನ್ನ ಹೆಸರು ಹೇಳೋಕೆ ನಂಗೆ ಮುಖ ಇರಲಿಲ್ಲ."

 ಪೂಜೆ ಮುಗಿಸಿ, ಊಟ ಮಾಡಿ, ಜ್ವರ ಇಳಿದ ಮೇಲೆ ಹೋಗು ಅಂತ ತಾನೇ ಹೇಳಿದ್ದು ಚೌರಪ್ಪನ ಕಿವಿಯಲ್ಲಿ ಗುಂಯ್‌ಗುಟ್ಟುತ್ತಿತ್ತು.

ಹೊತ್ತು ಇಳಿಯುವ ಮೊದಲೇ ಇನ್ನಾಸಿ ಅಕ್ಕನ ತೊಡೆಯ ಮೇಲೆ ಪ್ರಾಣ ಬಿಟ್ಟ. ಚೌರಪ್ಪ ಗುಂಡಿ ತೋಡಿದ. ಇಬ್ಬರೂ ಸೇರಿ ಗಂಡ ಹೆಂಡತಿಯನ್ನು ಮಣ್ಣು ಮಾಡಿದರು. ಈ ಸಲ ಮದಲೇನಮ್ಮ ಹಿಡಿ ಮಣ್ಣು ಹಾಕುವಾಗ ಗೋಳೋ ಅಂತ ಅತ್ತಳಂತೆ. ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲವಂತೆ. ಅತ್ತು ಮುಗಿದ ಮೇಲೆ, ಯಜಮಾನರಿಲ್ಲದೆ ಅಲೆಯುತ್ತಿದ್ದ ಒಂದು ಮೇಕೆಯನ್ನು ಹಿಡಿದು ಹಾಲು ಕರೆದು, ಬಟ್ಟೆ ಅದ್ದಿ ಕೂಸಿನ ಬಾಯಿಗೆ ಹಿಂಡಿದಳು.

ಅವರಿಬ್ಬರೂ ಕೂಡಲೇ ಈಚೆಗೆ ಬರಲಿಲ್ಲ. ನೀರು, ನೀರು ಅನ್ನುವ ದನಿಗಳನ್ನು ಬಿಟ್ಟು ಬರಲು ಆಗಲಿಲ್ಲ. ಮದಲೇನಮ್ಮ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಗುಡಿಸಲಿಂದ ಗುಡಿಸಲಿಗೆ ನೀರು ಹೊತ್ತಳು. ಚೌರಪ್ಪ ಗಂಜಿ ಕಾಯಿಸಿದ, ಗುಂಡಿ ತೋಡಿದ, ಜಪ ಹೇಳಿದ. ಅಷ್ಟು ಜನರನ್ನು ಮುಟ್ಟಿ ತೊಳೆದ ಅವಳಿಗೆ ಒಂದು ಸೀನೂ ಬರಲಿಲ್ಲವಂತೆ. ಸಾಯಬೇಕಾದವರು ಎಷ್ಟೋ ಜನ ಎದ್ದು ಕೂತರು ಅಂತಾರೆ. ಅವಳು ಕೈಯಿಟ್ಟ ಕಡೆ ಗೆಡ್ಡೆ ಕರಗಿತು ಅಂತಲೂ ಹೇಳುವವರಿದ್ದಾರೆ. ಅವಳನ್ನು ಕೇಳಿದರೆ, ನಾನು ನೀರು ಕೊಟ್ಟೆ ಅಷ್ಟೇ ಅನ್ನುತ್ತಿದ್ದಳಂತೆ.

ಇತ್ತ ಸುಣ್ಣದಕೊಪ್ಪಲಿನಲ್ಲಿ ಮೊರ ಮೆಟ್ಟಿಲ ಮೇಲೇ ಇತ್ತು. ಸ್ವಾಮಿಗಳು ಊರು ಬಿಡಲಿಲ್ಲ. ದಿನಾ ಬೆಳಿಗ್ಗೆ ಬಂದು ಆ ಕುರ್ಚಿಯಲ್ಲಿ ಕೂರುವರು. ಹೇಟೆಯ ಕಾಲು ಬಿಚ್ಚಿದ್ದರು, ಅದು ಹೊರಗೆ ಓಡಾಡಿ ಬಂದು ಅಕ್ಕಿಯ ಮೇಲೇ ಮೊಟ್ಟೆಯಿಟ್ಟು, ಕಾವು ಕೂತು, ಮರಿ ಮಾಡಿತು ಅಂತ ಕೆಲವರು ಹೇಳುತ್ತಾರೆ. ಇದ್ದರೂ ಇರಬಹುದು. ಊರಿನವರು ಮಾತ್ರ ಮೊದಮೊದಲು ಗೊಣಗಿದರು. ಆಮೇಲೆ ಒಬ್ಬೊಬ್ಬರೇ ಹಳ್ಳದ ದಂಡೆಗೆ ಹೋಗಿ ರಾಗಿ, ಉಪ್ಪು, ಹಳೇ ಬಟ್ಟೆ ಇಟ್ಟು ಬರತೊಡಗಿದರು. ಮೊದಲು ಇಟ್ಟವಳು ಅರುಳಮ್ಮ.

ಕೆಲವು ತಿಂಗಳಲ್ಲಿ ಜ್ವರ ಇಳಿಯಿತು. ಮುಳ್ಳು ಎಳೆದಿದ್ದವರೇ ಮುಳ್ಳು ತೆಗೆದರು. ಒಂದು ದಿನ ಬಿಸಿಲೇರುವ ಹೊತ್ತಿಗೆ ಮದಲೇನಮ್ಮ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಊರೊಳಗೆ ಬಂದಳು. ಹಿಂದೆ ಸೊರಗಿ ಕಡ್ಡಿಯಾದ ಚೌರಪ್ಪ. ಅವಳ ಸೊಂಟದಲ್ಲಿ ಕೂಸು ಕಂಡ ಜನ ಕಲ್ಲಿನ ಹಾಗೆ ನಿಂತರು. ಆ ಮನೆಯಲ್ಲಿ ತೊಟ್ಟಿಲು ತೂಗದಿರಲಿ ಅಂದವಳು ಅವಳೇ ಅಂತ ಎಲ್ಲರಿಗೂ ನೆನಪಿತ್ತು. 

ಅವಳು ಸೀದಾ ಚರ್ಚಿಗೆ ಹೋದಳು. ಸ್ವಾಮಿಗಳು ಎದ್ದು ನಿಂತರು. ಅವಳು ಮೊರವನ್ನು ಎತ್ತಿ, ಕೂಸನ್ನೂ ಅದರ ಜೊತೆಗೆ ಹಿಡಿದು, ಅವರ ಕೈಗೆ ಕೊಟ್ಟಳು.  ಪೂಜೆ ನಿಂತಲ್ಲಿಂದಲೇ ಮುಂದುವರಿಯಿತು. ಆ ಕೂಸಿಗೆ ಅಂದೇ ಸ್ನಾನದೀಕ್ಷೆ ಕೊಟ್ಟು ಕಾಣಿಕೆಮ್ಮ ಅಂತ ಹೆಸರಿಟ್ಟರು. ಅವಳು ಬೆಳೆದಳು, ಸುಣ್ಣದ ಗೂಡು ನಡೆಸಿದಳು, ಮಕ್ಕಳು ಮೊಮ್ಮಕ್ಕಳನ್ನು ಕಂಡಳು. ಇವತ್ತು ಆ ಊರಲ್ಲಿ ಅರ್ಧ ಜನ ಅವಳ ಕಡೆಯವರೇ ಅಂತಾರೆ. ಚೌರಪ್ಪ ಆಮೇಲೂ ಓದುತ್ತಿದ್ದ. ಆದರೆ ಓದುವಾಗ ದನಿ ಎಳೆಯುತ್ತಿರಲಿಲ್ಲವಂತೆ. ಓದಿ ಮುಗಿದ ಮೇಲೆ ಜನರ ಕಣ್ಣು ನೋಡುತ್ತಿರಲಿಲ್ಲವಂತೆ.

ಈಗಲೂ ಆ ಊರ ಹಬ್ಬದಲ್ಲಿ ಆ ಪಾಠ ಓದಿದ ಮೇಲೆ ಪೂಜೆ ನಿಲ್ಲುತ್ತದೆ. ಮನಸ್ಸಲ್ಲಿ ಅಳುಕಿದ್ದವರು ತಮ್ಮ ಮೊರ, ತೆಂಗಿನಕಾಯಿ, ಮೇಣದಬತ್ತಿಯನ್ನು ಮೆಟ್ಟಿಲ ಮೇಲಿಟ್ಟು ಎದ್ದು ಹೋಗುತ್ತಾರೆ. ಕೆಲವರು ಪಕ್ಕದ ಬೀದಿಗೆ ಹೋಗುತ್ತಾರೆ. ಕೆಲವರು ಪಕ್ಕದ ಊರಿಗೆ. ಹೊಸದಾಗಿ ಬಂದ ಸ್ವಾಮಿಗಳು ಗಾಬರಿಯಾಗಿ ಸುತ್ತ ನೋಡಿದರೆ, ಪಕ್ಕದಲ್ಲಿದ್ದವರು ಅವರಿಗೊಂದು ಕುರ್ಚಿ ತಂದು ಹಾಕುತ್ತಾರೆ. ಒಂದು ವರ್ಷ ಯಾರೋ ಅಣ್ಣತಮ್ಮಂದಿರು ಮಾತಾಡಿ ಮುಗಿಸುವಷ್ಟರಲ್ಲಿ ಸಂಜೆಯಾಗಿತ್ತಂತೆ. ಮಕ್ಕಳು ಹಸಿದು ಅಲ್ಲೇ ನಿದ್ದೆ ಹೋಗಿದ್ದರಂತೆ. ಹಬ್ಬದ ಅಡುಗೆ ಆರಿ ತಣ್ಣಗಾಗಿತ್ತಂತೆ. ಆದರೂ ಯಾರೂ ಎದ್ದು ಹೋಗಲಿಲ್ಲ. ಇಬ್ಬರೂ ಒಟ್ಟಿಗೆ ಬಾಗಿಲಲ್ಲಿ ಕಾಣಿಸಿಕೊಂಡ ಮೇಲೆಯೇ ಗಂಟೆ ಹೊಡೆದರಂತೆ.