ಆಚೆದಡದ ಅರ್ಧ ಆಟ

ಹತ್ತಿರ ಬನ್ನಿ ಮಕ್ಕಳೇ, ಕಣ್ಣು ಅರ್ಧ ಮುಚ್ಚಿಕೊಂಡೇ ಕೇಳಿ. ಒಂದು ರಾಜ್ಯದಲ್ಲಿ ನೀಲಿಹೊಳೆ ಅಂತ ಒಂದು ಹೊಳೆ ಇತ್ತು. ಈಚೆದಡದಲ್ಲಿ ತುಂಬೆಪಟ್ಟಣ, ಆಚೆದಡದಲ್ಲಿ ಅಗಸೆಪಟ್ಟಣ. ಎರಡಕ್ಕೂ ಎಣ್ಣೆ ಸೀಗೆಕಾಯಿ.

ಬೇಸಿಗೆಯಲ್ಲಿ ಹೊಳೆ ಬತ್ತಿ ಮರಳು ಮೇಲೆ ಬಂದಾಗ ಎರಡೂ ಪಟ್ಟಣದ ತಂಡಗಳು ನಡುಹೊಳೆಯಲ್ಲಿ ಕಬಡ್ಡಿ ಆಡುತ್ತಿದ್ದವು. ಬಿಸಿಲು ಆರುವ ಹೊತ್ತಿಗೆ ‘ಕಬಡ್ಡಿ ಕಬಡ್ಡಿ’ ಅನ್ನುವ ಉಸಿರು ಮರಳಿನಿಂದ ಏಳುತ್ತಿತ್ತು, ದಡ ಹತ್ತುತ್ತಿತ್ತು, ಹೊಸ್ತಿಲು ದಾಟುತ್ತಿತ್ತು. ತೊಟ್ಟಿಲ ಕೂಸುಗಳು ಅದನ್ನೇ ಜೋಗುಳ ಅಂದುಕೊಂಡು ನಿದ್ದೆ ಹೋಗುತ್ತಿದ್ದವು. ಎಂಥ ಸಂಜೆಗಳಪ್ಪಾ ಅವು.

ತುಂಬೆಪಟ್ಟಣದ ತಂಡವನ್ನು ಸಾಕುತ್ತಿದ್ದವನು ಸಿರಿಯಪ್ಪ ಧಣಿ. ಏಳು ಜನ ಆಟಗಾರರಿಗೂ ಅನ್ನ, ಬಟ್ಟೆ ಅವನದೇ. ಒಂದು ದಿನ ದೂರದ ಕನ್ನಡಿಪಟ್ಟಣದವರು ಬಂದರು. ಈ ಹೊಳೆಯ ಆಟವನ್ನು ನಮ್ಮೂರಿಗೆ ಕೊಡಿ, ಗೋಡೆಯೆಲ್ಲ ಕನ್ನಡಿ ಇರುವ ಅರಮನೆ ನಿಮಗೆ ಅಂದರು. ನೆನಪಿಗೆ ಇರಲಿ ಅಂತ ಒಂದು ಕೈಗನ್ನಡಿಯನ್ನೂ ಕೊಟ್ಟರು. ಧಣಿ ಅದರಲ್ಲಿ ಮುಖ ನೋಡಿಕೊಂಡು ಹೂಂ ಅಂದ.

ತಂಡವೇ ಊರು ಬಿಡುತ್ತದಲ್ಲ ಅಂತ ತುಂಬೆಪಟ್ಟಣದವರ ಎದೆ ಒಡೆಯಿತು. ಊರಗೌಡ ಹನುಮೇಗೌಡ ರಾಜನ ಹತ್ತಿರ ಓಡಿದ. ಜಗಳ ಎಲ್ಲಿಯದೋ ನ್ಯಾಯವೂ ಅಲ್ಲೇ ಅಂತ ರಾಜ ಹೊಳೆಗೇ ಬಂದು, ಧಣಿಯನ್ನೂ ಕನ್ನಡಿಪಟ್ಟಣದವರನ್ನೂ ಕರೆಸಿಕೊಂಡು ಮರಳಿನ ಮೇಲೆ ಕೂತ.

ಅಂಕಣ ಹಸನು ಮಾಡಿದವರು ನಾವು ಅಂದ ಗೌಡ. ಹಾಗಾದರೆ ಅಂಕಣ ನೀವೇ ಇಟ್ಟುಕೊಳ್ಳಿ ಅಂದ ಧಣಿ. ಅದು ಸರಿ ಅಂದ ರಾಜ.

ಆಟಗಾರರು ನಮ್ಮೂರ ಮಕ್ಕಳು ಅಂದ ಗೌಡ. ಮಕ್ಕಳು ದುಡಿಯಲು ಪರವೂರಿಗೆ ಹೋಗುವುದಿಲ್ಲವೇ ಅಂದ ಧಣಿ. ಅದೂ ಸರಿ ಅಂದ ರಾಜ.

ಗೌಡ ಕೈಮುಗಿದ. “ಕೆರೆ ಕಟ್ಟಿಸೋವಾಗ ಊರಿಗೆ ಬೇಕು ಅಂತ ಹೊಲ ತಗೋತೀರಿ ಬುದ್ಧಿ. ಹಂಗೇ ಈ ತಂಡಾನೂ ತಗೊಂಡು ಊರಿಗೆ ಕೊಡಿ.”

ರಾಜ ನಿಟ್ಟುಸಿರು ಬಿಟ್ಟ. “ಹೊಲಕ್ಕೆ ಕಾಲಿಲ್ಲ ಗೌಡ. ಆಳಿಗೆ ಕಾಲಿದೆ.”

ಹನುಮೇಗೌಡ ಕುಸಿದು ಕೂತ. ಸಂಜೆ ಇಳಿಯುತ್ತಿತ್ತು. ಆಚೆದಡದ ಹೊನ್ನಿನ ಧೂಳಿನೊಳಗಿಂದ, ಇಲ್ಲದ ನೀರಿನ ಮೇಲೆ ತೇಲಿ ಬಂದಂತೆ, ಒಬ್ಬ ಮುದುಕಿ ಬಂದಳು. ಅವಳು ಅಗಸೆಪಟ್ಟಣದ ದ್ಯಾವಮ್ಮ. ತುಂಬೆಪಟ್ಟಣದವರನ್ನು ಬೈಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಅವಳ ಬೆನ್ನ ಹಿಂದೆ ಊರಿಗೆ ಊರೇ ಬಂದಿತ್ತು. ಗಾಯಕ್ಕೆ ಉಪ್ಪು ಸವರಲು ಬಂದಳು ಅಂದುಕೊಂಡ ಗೌಡ.

“ಧಣ್ಯೋರೆ, ಏನು ಮಾರಿದ್ರಿ?” ಅಂತ ಕೇಳಿದಳು ಅವಳು.

“ಈ ಹೊಳೆ ಆಟ.”

“ಆಟಕ್ಕೆ ಎಷ್ಟು ಜನ?”

“ಈಚೆಗೆ ಏಳು.” ಧಣಿ ತಡವರಿಸಿದ. “ಆಚೆಗೂ ಏಳು.”

“ಆಚೆಗಿನ ಏಳು ನಮ್ಮೋರು. ಅರ್ಧ ಆಟ ನಮ್ದು.” ದ್ಯಾವಮ್ಮ ರಾಜನ ಕಡೆ ತಿರುಗಿದಳು. “ದಾಯಾದಿ ಒಪ್ಪದೆ ಪಾಲಾಗದ ಹೊಲ ಮಾರಿದ್ರೆ ಆ ಕ್ರಯ ನಿಲ್ತದಾ ಬುದ್ಧಿ? ನಾವು ಒಪ್ಪಲ್ಲ.”

ಬೇರೆ ಏಳು ಜನರನ್ನು ಹುಡುಕುತ್ತೇನೆ ಅಂದ ಧಣಿ. ರಾಜ ಕನ್ನಡಿಪಟ್ಟಣದವರ ಮುಖ ನೋಡಿದ. ನಾವು ಕೇಳಿದ್ದು ಹೊಳೆಯ ಆಟ, ಯಾರನ್ನೋ ಕರೆತಂದು ಆಡಿಸುವ ಆಟ ನಮಗೇಕೆ ಅಂದರು ಅವರು. ಕ್ರಯ ಮುರಿಯಿತು ಅಂದ ರಾಜ. ಅರಮನೆಯೂ ಹೋಯಿತು.

ಎಲ್ಲಿ ಇರುತ್ತೀರಿ ಅಂತ ಆಟಗಾರರನ್ನು ಕೇಳೋಣ ಅಂದರೆ ಅವರು ಆಗಲೇ ಅಂಕಣಕ್ಕೆ ಇಳಿದಿದ್ದರು.

ಗೌಡ ಎದ್ದು ದ್ಯಾವಮ್ಮನ ಮುಂದೆ ಬಂದು ನಿಂತ. ನಮ್ಮನ್ನು ಯಾಕೆ ಉಳಿಸಿದೆ ತಾಯಿ ಅಂದ.

ದ್ಯಾವಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ನಿಮ್ಮೇಲಿನ ಪ್ರೀತಿಗಲ್ಲ ಕಣಪ್ಪ. ನೀವು ಹೋದ್ರೆ ಸಂಜೆ ನಾನು ಯಾರ್ನ ಬೈಲಿ?”

ಸಿರಿಯಪ್ಪ ಧಣಿಗೆ ಉಳಿದದ್ದು ಆ ಕೈಗನ್ನಡಿ ಒಂದೇ. ಈಗಲೂ ಅದನ್ನು ಮುಂದಿಟ್ಟುಕೊಂಡು ಕೂರುತ್ತಾನಂತೆ. ಅವನಿಗೆ ಎದುರಾಳಿ ಅವನೇ.

ನೀತಿ ಇಷ್ಟೇ ಮಕ್ಕಳೇ: ಹತ್ತು ಜನ ಕೂಡಿ ಕಟ್ಟಿದ್ದನ್ನು ಒಬ್ಬ ಮಾರಲಾಗದು, ಎದುರಿಗೆ ನಿಂತು ಆಡುವವನೂ ನಮ್ಮ ಪಾಲುದಾರನೇ. ಆ ಸಂಜೆ ದ್ಯಾವಮ್ಮ ಆಚೆದಡದಲ್ಲಿ ನಿಂತು ತುಂಬೆಪಟ್ಟಣದ ಏಳು ತಲೆಮಾರನ್ನು ಬೈದಳು. ಆ ಬೈಗುಳ ಕೇಳುತ್ತಾ ತುಂಬೆಪಟ್ಟಣದ ಕೂಸುಗಳೆಲ್ಲ ನೆಮ್ಮದಿಯಾಗಿ ನಿದ್ದೆ ಹೋದವು.