ಒಳಗೆ ಬಿಟ್ಟ ನಾಲ್ಕು ಬೆರಳು

ಹೊಳೆಯ ದಂಡೆಯ ಮಠದಲ್ಲಿ ಒಬ್ಬ ಅಜ್ಜ ಇದ್ದರು. ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಟ್ಟವರಲ್ಲ. ಜನರೂ ಕೇಳುವುದನ್ನು ಬಿಟ್ಟವರಲ್ಲ.

ದರ್ಜಿ ಅಡಿವೆಪ್ಪ ಅವರ ಶಿಷ್ಯ. ಶಾಲೆ ಮಕ್ಕಳ ಬಟ್ಟೆ ಹೊಲಿಯುವುದರಲ್ಲಿ ಊರಿಗೆಲ್ಲ ಅವನದೇ ಹೆಸರು. ಒಂದು ಸೋಮವಾರ ಬಂದಾಗ ಅವನ ಮುಖ ಬಾಡಿತ್ತು.

"ಅಜ್ಜಾರ, ನಾಳೆ ಮಶೀನು ಒತ್ತಿ ಇಡಾಕ ಹೊಂಟೇನ್ರಿ. ಆಶೀರ್ವಾದ ಮಾಡ್ರಿ."

"ಹೊಲಿಯೋ ಮಶೀನೇನೋ?"

"ಹೌದ್ರಿ. ನೀಲವ್ವಗ ಏಳು ತಿಂಗಳು. ಕುಬಸ ಮಾಡಬೇಕು, ಮುಂದ ಬಾಣಂತನ. ಮದುವಿ ಸಾಲ ಇನ್ನೂ ತೀರವಲ್ದು. ಅಂಗಡಿ ಪ್ಯಾಟಿಗೆ ತಂದಾಗ ಮತ್ತೊಂದು ಸಾಲ ಮಾಡಿದೆ."

ಬಸುರಿ ಹೆಂಡತಿಗೆ ಹಸಿರು ಸೀರೆ ಉಡಿಸಿ, ಓಣಿಗೆಲ್ಲ ಊಟ ಹಾಕಿ ಕುಬಸ ಮಾಡಬೇಕೆಂಬುದು ಅವನ ಆಸೆ. ಆಸೆಯೇನೂ ತಪ್ಪಲ್ಲ ಬಿಡಿ.

"ಗಳಿಕಿ ಕಮ್ಮಿ ಐತೇನು?" ಅಜ್ಜ ಕೇಳಿದರು.

"ಇಲ್ರಿ. ಅಳತಿ ಹಚ್ಚಿ ಖರ್ಚು ಮಾಡ್ತೇನಿ. ಬಂದದ್ದಕ್ಕೂ ಹೋದದ್ದಕ್ಕೂ ಒಂದು ಪೈಸಾ ಹೆಚ್ಚು ಕಡಿಮಿ ಇರಂಗಿಲ್ಲ."

ಹೇಳುವಾಗ ದನಿಯಲ್ಲಿ ತುಸು ಹೆಮ್ಮೆಯೂ ಇತ್ತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಅಜ್ಜ ಈಗ ಹೇಳುತ್ತಾರೆ ಎಂದುಕೊಂಡು ಅಡಿವೆಪ್ಪ ತಲೆ ತಗ್ಗಿಸಿ ಕಾದ. ಆ ಗಾದೆಯನ್ನು ಅವನು ಮಾವನಿಂದಲೂ ಕೇಳಿದ್ದ, ಸಾಲ ಕೊಟ್ಟವನಿಂದಲೂ ಕೇಳಿದ್ದ.

ಅಜ್ಜ ಒಳಗೆ ಹೋಗಿ, ಇನ್ನೂ ನೀರು ಕಾಣದ ಹೊಸ ಖಾದಿ ಬಟ್ಟೆ ತಂದರು.

"ನನಗೊಂದು ನಿಲುವಂಗಿ ಹೊಲಿ. ಮೈಗೆ ಎಷ್ಟು ಬೇಕೋ ಅಷ್ಟ. ಅದು ಮುಗಿಯೂತನಾ ಮಶೀನು ಮನ್ಯಾಗ ಇರಲಿ."

"ಹೊಲಿಗಿ ಒಳಗ ಒಂದಿಷ್ಟು ಅರಿವಿ ಮಡಚಿ ಬಿಡಬೇಕ್ರಿ, ಅಜ್ಜಾರ."

"ಈ ವಯಸ್ಸಿನ್ಯಾಗ ನಾ ಏನು ಬೆಳೀತೇನೇನು? ಒಂದು ನೂಲೂ ಬಿಡಬ್ಯಾಡ. ಉಳಿದದ್ದರಾಗ ಕೊರಳಿಗೆ ಝಾಲರಿ ಹಚ್ಚು."

ಮಠದ ಅಜ್ಜನ ಕೊರಳಿಗೆ ಝಾಲರಿ! ಅಡಿವೆಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಗುರುವಿನ ಮಾತು, ಮೀರುವುದು ಹೇಗೆ? ಅಳತೆ ತೆಗೆದುಕೊಂಡು ಹೋದ.

ಎರಡು ದಿನ ಬಿಟ್ಟು ಅಂಗಿ ತಂದ. ಅಜ್ಜ ತೊಟ್ಟು ನೋಡಿದರು. ಎರಕ ಹೊಯ್ದ ಹಾಗೆ ಕೂತಿತ್ತು.

ಅಜ್ಜ ಅದನ್ನು ಕಳಚಿದರು, ಹೊಳೆಯಲ್ಲಿ ಅದ್ದಿದರು, ಹಿಂಡಿ ಬಂಡೆಯ ಮೇಲೆ ಹರವಿದರು. ಇದೇನು ಹೊಸ ಆಟ ಎಂದು ಅಡಿವೆಪ್ಪ ನೋಡುತ್ತ ಕೂತ. ಒಣಗಿದ ಮೇಲೆ ಅಜ್ಜ ಮತ್ತೆ ತೊಡಲು ಹೋದರು. ಒಂದು ತೋಳು ಹೇಗೋ ಹೊಕ್ಕಿತು. ಎರಡನೆಯದನ್ನು ತೂರಿಸುವಾಗ ಕಂಕುಳಲ್ಲಿ ಪರ್ರನೆ ಹರಿಯಿತು.

ಝಾಲರಿ ಮಾತ್ರ ಚೆಂದಾಗಿ ನಿಂತಿತ್ತು.

"ನಾ ಮೊದಲ ಅಂದಿದ್ದಿಲ್ಲೇನ್ರೀ!" ಅಡಿವೆಪ್ಪ ಕೂಗಿದ.

"ನಾನೂ ಬೆಳೀಲಿಲ್ಲ, ನೀನೂ ತಪ್ಪು ಹೊಲೀಲಿಲ್ಲ. ಮತ್ತ್ಯಾಕ ಹರೀತು?"

"ನೀರಿಗೆ ಬಿದ್ದ ಮ್ಯಾಲೆ ಅರಿವಿ ಇದ್ದಂಗ ಇರ್ತೈತೇನ್ರಿ? ಅರಿವಿ ಕುಗ್ಗತೈತಿ, ಮೈ ಬೆಳೀತೈತಿ. ಅದಕ್ಕ ನಾ ಹುಡುಗರ ಅಂಗಿಗೆ ಒಳಗ ನಾಕು ಬೆರಳು ಬಿಡೂದು."

"ಇರಲಿ. ಈಗ ಬಿಚ್ಚಿ ದೊಡ್ಡದು ಮಾಡು."

"ಒಳಗ ಬಿಡಲಾರದ್ದನ್ನ ಎಲ್ಲಿಂದ ಬಿಚ್ಚಲ್ರಿ?"

ಅಂದವನಿಗೆ ಒಂದು ಪೈಸೆ ಹೆಚ್ಚು ಕಡಿಮೆ ಇರುವುದಿಲ್ಲ ಎಂದು ತಾನೇ ಆಡಿದ ಮಾತು ನೆನಪಾಯಿತು. ಅವನಿಗೆ ತುಂಬ ನಾಚಿಕೆಯಾಯಿತು.

ಹರಿದ ಅಂಗಿಯನ್ನು ಕೈಗೆತ್ತಿಕೊಂಡು ಕೇಳಿದ. "ಒಳಗೇನೂ ಬಿಟ್ಟಿಲ್ರಿ, ಹರದೈತ್ರಿ. ಈಗೇನು ಮಾಡ್ಲಿ?"

"ನನ್ನ ಕೇಳಿದ್ರ? ದರ್ಜಿ ನೀನ."

ಅಡಿವೆಪ್ಪ ಅಂಗಿಯನ್ನು ತಿರುಗಿಸಿ ಮುರುಗಿಸಿ ನೋಡಿದ. "ಝಾಲರಿ ಬಿಚ್ಚಿ ಕಂಕುಳಕ್ಕ ತ್ಯಾಪಿ ಹಚ್ಚಬೇಕ್ರಿ."

"ಸೂಜಿ ಐತೇನು?"

"ಐತ್ರಿ."

"ತ್ಯಾಪಿಗಂತ ಸೂಜಿ ಮಾರಿಗೀರೀಯಪ್ಪಾ!"

ಅಡಿವೆಪ್ಪ ನಕ್ಕುಬಿಟ್ಟ. ನಗುವಾಗಲೇ ಕಣ್ಣು ಒದ್ದೆಯಾದವು.

ಮಶೀನು ಮನೆಯಲ್ಲೇ ಉಳಿಯಿತು. ಐದೇ ಮಂದಿ ಮುತ್ತೈದೆಯರನ್ನು ಕರೆದು, ಸಿಹಿಗೆ ಸಜ್ಜಕ ಮಾಡಿ, ಕುಬಸ ಮುಗಿಸಿದರು. ಓಣಿಗೆ ಊಟ ಹಾಕಲಿಲ್ಲವೆಂದು ಅಡಿವೆಪ್ಪನ ಅತ್ತಿಗೆ ಒಂದು ವಾರ ಮಾತು ಬಿಟ್ಟಳು. ನೀಲವ್ವ ಮಾತ್ರ, "ಆಕಿ ಮಾತು ಬಿಟ್ರ ಬಿಡ್ಲಿ, ಮಶೀನಿನ ಸದ್ದು ನಿಂತ್ರ ನಾವು ಉಣ್ಣೂದೇನು?" ಎಂದಳು.

ಮಗಳು ಹುಟ್ಟಿದಳು. ಐದು ತಿಂಗಳು ತುಂಬಿದ ಮೇಲೆ ಗಂಡ ಹೆಂಡತಿ ಅವಳನ್ನು ಮಠಕ್ಕೆ ಕರೆತಂದರು. ಸಾಲ ತೀರಲು ಇನ್ನೂ ಎರಡು ವರ್ಷ ಬೇಕಿತ್ತು. ಅಡಿವೆಪ್ಪನ ಕಿಸೆಯಲ್ಲಿ ಅಂಚೆ ಕಚೇರಿಯ ಹೊಸ ಉಳಿತಾಯ ಪುಸ್ತಕವಿತ್ತು. ಅದರಲ್ಲಿದ್ದದ್ದು ಆರುನೂರ ನಲವತ್ತು ರೂಪಾಯಿ. ಇಷ್ಟನ್ನು ತೋರಿಸುವುದೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚಿಸಿ, ಬೇಡವೆಂದೇ ತೀರ್ಮಾನಿಸಿದ್ದ.

ಅಜ್ಜ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡರು. ಅವರ ಮೈಮೇಲೆ ಕಂಕುಳಿಗೆ ತೇಪೆ ಹಚ್ಚಿದ ಅದೇ ನಿಲುವಂಗಿ. ಕೂಸಿನ ಅಂಗಿಯ ಅಂಚನ್ನು ಮೆಲ್ಲಗೆ ತಿರುವಿ, ಒಳಗೆ ಮಡಚಿದ ಬಟ್ಟೆಯ ಮೇಲೆ ಬೆರಳಿಟ್ಟು ಎಣಿಸಿದರು. ನಾಲ್ಕು ಬೆರಳು ಸರಿಯಾಗಿತ್ತು.

ಆಮೇಲೆ ಅಡಿವೆಪ್ಪನ ಕಿಸೆಯ ಕಡೆ ನೋಡಿದರು.

"ಕೂಸಿಂದು ನೋಡಿದೆ. ಇನ್ನ ನಿಂದು ತಿರುವಿ ತೋರ್ಸು."